ಕೊನೇ ಸಾಲಿಗೂ ಕಾಣೋ ಬಣ್ಣ

ಸ್ಲೈಡಿಗೆ ಹಿನ್ನೆಲೆ ಬಣ್ಣ ಯಾವುದಿರಬೇಕು ಅನ್ನೋ ವಿಷಯದಲ್ಲಿ ನಮ್ಮ ಟೀಮಿನಲ್ಲಿ ಎರಡು ಪಕ್ಷಗಳಿವೆ. ಒಂದು ಕೃಷ್ಣಪಕ್ಷ, ಇನ್ನೊಂದು ಶುಕ್ಲಪಕ್ಷ. ಫೋನಿಗೂ ಲ್ಯಾಪ್‌ಟಾಪಿಗೂ ಡಾರ್ಕ್ ಮೋಡ್ ಹಾಕ್ಕೊಂಡಿರೋ ಹುಡುಗರಿಗೆ ಬಿಳಿ ಸ್ಲೈಡ್ ಅಂದ್ರೆ ಸರ್ಕಾರಿ ಸುತ್ತೋಲೆ. ಬಿಳಿಯವರಿಗೆ ಕಪ್ಪು ಸ್ಲೈಡ್ ಅಂದ್ರೆ ಬರೀ ಶೋಕಿ.

ನಾನು ಯಾವ ಪಕ್ಷಕ್ಕೂ ಸೇರಿಲ್ಲ. ಮೊದಲು ರೂಮು ನೋಡ್ತೀನಿ. ಪ್ರೊಜೆಕ್ಟರಿಗೆ ಬಿಡೋಕೆ ಬರೋದು ಬೆಳಕು ಮಾತ್ರ. ಕಪ್ಪು ಅಂದ್ರೆ ಆ ಜಾಗಕ್ಕೆ ಬೆಳಕು ಬಿಡದೇ ಇರೋದು, ಅಷ್ಟೇ. ಹಾಗಾಗಿ ಟ್ಯೂಬ್‌ಲೈಟ್ ಉರೀತಿರೋ ಮೀಟಿಂಗ್ ರೂಮಿನಲ್ಲಿ ಲ್ಯಾಪ್‌ಟಾಪಿನ ಕಡುಗಪ್ಪು ಪರದೆ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಅಲ್ಲಿ ಬಿಳಿಯೇ ಸರಿ. ಲೈಟ್ ಆರಿಸಿದ ಆಡಿಟೋರಿಯಂನಲ್ಲಿ ಅದೇ ಬಿಳಿ, ಮುಖಕ್ಕೆ ಟಾರ್ಚ್ ಬಿಟ್ಟಹಾಗೆ. ಅಲ್ಲಿ ಕಡುನೀಲಿಯೋ ಕಪ್ಪೋ ಹಿತ.

ಎರಡನೇದು, ಅಕ್ಷರಕ್ಕೂ ಹಿನ್ನೆಲೆಗೂ ಇರೋ ಅಂತರ. ವೆಬ್‌ಸೈಟುಗಳಿಗೆ ಡಬ್ಲ್ಯೂಸಿಎಜಿ ಅನ್ನೋ ಮಾನದಂಡ ಇದೆ. ಅದರ ಎಎ ಮಟ್ಟದಲ್ಲಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿ ಮೇಲೆ ಕಪ್ಪು 21:1. ರಾಜ್ಯೋತ್ಸವ ಬಂತು ಅಂದ್ರೆ ಅಚ್ಚ ಹಳದಿ ಮೇಲೆ ಅಚ್ಚ ಕೆಂಪಲ್ಲಿ ಬರೀತಾರಲ್ಲ, ಅದರ ಲೆಕ್ಕ ಸುಮಾರು 3.7:1. ತಲೆಬರಹಕ್ಕೆ ಓಕೆ, ಕಾರ್ಯಕ್ರಮದ ಪಟ್ಟಿಗೆ ಬೇಡ. ಬಾವುಟ ಇರೋದು ಹಾರಿಸೋಕೆ, ಓದೋಕಲ್ಲ.

ಇದನ್ನ ಕಲಿಯೋಕೆ ಕೋರ್ಸೇನೂ ಬೇಡ. ಸಿಲ್ಕ್ ಬೋರ್ಡ್‌ನಲ್ಲಿ ನಿಂತಿರೋವಾಗ ಮುಂದಿನ ಗಾಡಿಗಳ ನಂಬರ್ ಪ್ಲೇಟ್ ನೋಡಿ. ಸ್ವಂತ ಕಾರಿಗೆ ಬಿಳಿ ಮೇಲೆ ಕಪ್ಪು, ಟ್ಯಾಕ್ಸಿಗೆ ಹಳದಿ ಮೇಲೆ ಕಪ್ಪು, ಸ್ವಂತದ ಎಲೆಕ್ಟ್ರಿಕ್ ಸ್ಕೂಟರಿಗೆ ಹಸಿರು ಮೇಲೆ ಬಿಳಿ. ಗ್ರೇಡಿಯೆಂಟ್ ಇಲ್ಲ, ಹಿಂದೆ ಸೂರ್ಯಾಸ್ತದ ಫೋಟೋ ಇಲ್ಲ. ಮಳೆಯಲ್ಲೂ ಓದಬಹುದು.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಕೊಂಡಿದೀನಿ ಅಂದ್ರೆ, ಹಿಂದಿನ ಕಂಪನಿಯಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣ್ತಿರಲಿಲ್ಲ. ವಾರದ ರಿವ್ಯೂನಲ್ಲಿ ಕೆಲಸದ ಸ್ಥಿತಿ ತಿಳಿಸೋಕೆ ಒಂದೊಂದು ಸಾಲಿನ ಹಿಂದೆಯೂ ಆ ಎರಡರಲ್ಲೊಂದು ಬಣ್ಣ. ಮಾತಿಲ್ಲ, ಗುರುತಿಲ್ಲ. “ಕೆಂಪಿರೋದಕ್ಕೆಲ್ಲ ನೀನೇ ಉತ್ತರ ಹೇಳಪ್ಪ” ಅಂದ್ರು ಮ್ಯಾನೇಜರ್. ಅವನು ಸುಮ್ಮನೆ ನಿಂತ. ತಯಾರಿ ಮಾಡ್ಕೊಂಡು ಬಂದಿಲ್ಲ ಅಂತ ಎಲ್ರೂ ಅಂದ್ಕೊಂಡ್ರು. ಆ ವರ್ಷದ ಅಪ್ರೈಸಲ್‌ನಲ್ಲಿ ‘ಗಮನ ಸಾಲದು’ ಅಂತ ಬಂತು.

“ಹೇಳಬಾರದಾ ಮಾರಾಯ?” ಅಂದೆ.

“ಹೇಳಿದ್ರೆ ನಾಳೆಯಿಂದ ಎಲ್ರೂ ಶರ್ಟ್ ತೋರಿಸಿ ಇದ್ಯಾವ ಬಣ್ಣ ಅಂತ ಕೇಳ್ತಾರೆ ಕಣೋ. ಸ್ಕೂಲಲ್ಲಿ ಅದೇ ಆಗಿದ್ದು.”

ಅವನೊಬ್ಬನೇ ಅಲ್ಲ. ಈ ತೊಂದರೆ ಹುಟ್ಟಿನಿಂದ ಬರೋದು, ಹೆಂಗಸರಿಗಿಂತ ಗಂಡಸರಲ್ಲಿ ತುಂಬಾ ಹೆಚ್ಚು. ನಮ್ಮ ಮೀಟಿಂಗ್ ರೂಮುಗಳಲ್ಲಿ ಯಾರು ಕೂತಿರ್ತಾರೆ ಅಂತ ನೆನಪಿಸ್ಕೊಂಡ್ರೆ ಲೆಕ್ಕ ನಿಮಗೇ ಸಿಗುತ್ತೆ.

ಈಗ ನನ್ನ ಸ್ಲೈಡಿನಲ್ಲಿ ಬಣ್ಣದ ಜೊತೆಗೆ ‘ತಡ’, ‘ಸರಿ’ ಅನ್ನೋ ಪದವೂ ಇರುತ್ತೆ. ನೀವೂ ಒಂದ್ಸಲ ಸ್ಲೈಡಿನ ಫೋಟೋ ತೆಗೆದು ಫೋನಲ್ಲೇ ಕಪ್ಪುಬಿಳುಪು ಮಾಡಿ ನೋಡಿ. ಆಗಲೂ ವಿಷಯ ಅರ್ಥವಾದ್ರೆ, ಆಮೇಲೆ ನಿಮಗಿಷ್ಟ ಬಂದ ಬಣ್ಣ ಹಾಕ್ಕೊಳ್ಳಿ.