ಅಪ್ಪಯ್ಯನ ಚಾಕು, ಸೋದರಳಿಯನ ಪೆಟ್ಟಿಗೆ

ಬಳಸುವುದಕ್ಕೆಂದು ಮಾಡಿದ ವಸ್ತುವನ್ನು ಬಳಸದೆ ಕಾಪಾಡಿಡುವುದು ಉಚಿತವೇ ಎಂಬ ಪ್ರಶ್ನೆ ನಮ್ಮ ಮನೆಗಳಿಗೆ ಹೊಸದಲ್ಲ. ಮದುವೆಯಲ್ಲಿ ಬಂದ ಬೆಳ್ಳಿ ಲೋಟ, ಟ್ರಂಕಿನ ತಳದಲ್ಲಿರುವ ರೇಷ್ಮೆ ಸೀರೆ, ನೆಂಟರಿಗೆಂದು ಎತ್ತಿಟ್ಟ ಪಿಂಗಾಣಿ ಬಟ್ಟಲು ಇವುಗಳ ಬಗ್ಗೆ ಪ್ರತಿ ತಲೆಮಾರಿನಲ್ಲಿಯೂ ಅತ್ತೆ ಸೊಸೆಯರು ವಾದಿಸಿದ್ದಾರೆ. ಆದರೆ ಜೇಬಿನಲ್ಲಿಟ್ಟುಕೊಳ್ಳುವ ಮಡಿಸುವ ಚಾಕುವಿನ ಬಗ್ಗೆ ನಮ್ಮ ಜಗುಲಿಯಲ್ಲಿ ಮೂರು ದಿನ ಚರ್ಚೆ ನಡೆದೀತೆಂದು ನಾನು ಎಣಿಸಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೂ ಈ ಚರ್ಚೆಯಲ್ಲಿ ಒಂದು ಪಾಲಿದೆಯಾದ್ದರಿಂದ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣನಾದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ತನ್ನ ಸಂಗ್ರಹದ ಪೆಟ್ಟಿಗೆಯೊಂದನ್ನು ಕಾರಿನಲ್ಲಿ ಜೋಪಾನವಾಗಿ ಇರಿಸಿಕೊಂಡು ತಂದಿದ್ದ. ತೆರೆದರೆ ಹದಿನೇಳು ಚಾಕುಗಳು. ಒಂದೊಂದೂ ತನ್ನ ಮೂಲ ರಟ್ಟಿನ ಡಬ್ಬದಲ್ಲಿ, ತೇವ ಹೀರುವ ಪುಟ್ಟ ಪೊಟ್ಟಣದ ಸಹಿತ. ಒಂದರಿಂದಲೂ ಇದುವರೆಗೆ ಒಂದು ನಿಂಬೆಹಣ್ಣನ್ನು ಹೆಚ್ಚಿದ್ದಿಲ್ಲ. ನಾನು ಕೈ ಚಾಚಿದೆ. “ಅಲಗು ಮುಟ್ಟಬೇಡಿ ಮಾವ, ಬೆರಳಿನ ಬೆವರಿನ ಉಪ್ಪು ಸಾಕು ಕಲೆ ಬೀಳುವುದಕ್ಕೆ” ಎಂದ. ಅದು ನಿಜವೇ. ಇಂಗಾಲದ ಉಕ್ಕಿಗೆ ಬೆವರು ಶತ್ರು.

ಸಂಗ್ರಾಹಕರ ಲೋಕದ ನಿಯಮಗಳನ್ನು ಅವನು ವಿವರಿಸಿದ. ಚಾಕುವಿಗೆ ಒಮ್ಮೆಯೂ ಮಸೆಗಲ್ಲು ಸೋಕಿರಬಾರದು. ಅಲಗು ಕಾರ್ಖಾನೆಯಿಂದ ಹೊರಬಂದಾಗಿನಷ್ಟೇ ಅಗಲವಿರಬೇಕು. ತೆರೆಯುವಾಗಲೂ ಮಡಿಸುವಾಗಲೂ ‘ಟಕ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಬೇಕು. ಡಬ್ಬವೂ ಅದರೊಳಗಿನ ಕಾಗದವೂ ಇದ್ದರೆ ಬೆಲೆ ಮತ್ತೂ ಹೆಚ್ಚು. ಹಳೆಯ ಅಲಗಿನ ಮೇಲಿನ ಕಂದುಬೂದು ಛಾಯೆಯನ್ನು ಉಜ್ಜಿ ಹೊಳಪು ಮಾಡಿದವನು ಬೆಲೆಯನ್ನೂ ಉಜ್ಜಿ ಹಾಕಿದಂತೆ. ಹುಡುಗನಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಕೇಳುತ್ತ ಕುಳಿತೆ, ನಿವೃತ್ತ ಮೇಷ್ಟ್ರಿಗೆ ಪಾಠ ಕೇಳುವ ಅವಕಾಶ ಸಿಗುವುದು ಅಪರೂಪ.

ಆಮೇಲೆ ನಾನು ಒಳಗಿನಿಂದ ಅಪ್ಪಯ್ಯನ ಚಾಕುವನ್ನು ತಂದೆ. ಎಮ್ಮೆಯ ಕೊಂಬಿನ ಕಪ್ಪು ಹಿಡಿ, ಎರಡು ಅಲಗು. ದೊಡ್ಡದರ ಬುಡದಲ್ಲಿ ಒಂದು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಜರ್ಸ್ ಕಂಪನಿಯ ಮುದ್ರೆ. ಬ್ರಿಟಿಷರ ಕಾಲದಲ್ಲಿ ಈ ಮುದ್ರೆಗೆ ನಮ್ಮ ದೇಶದಲ್ಲಿ ದೊಡ್ಡ ಹೆಸರಿತ್ತು. ಶೆಫೀಲ್ಡಿನವರು ಚಾಕುಗಳ ಹಿಡಿಗಾಗಿ ಇಲ್ಲಿಯ ಕಾಡಿನ ಕಡವೆಯ ಕೊಂಬನ್ನು ತರಿಸಿಕೊಳ್ಳುತ್ತಿದ್ದರು. ನಮ್ಮ ಕೊಂಬು ಹಡಗೇರಿ ಹೋಗಿ, ಅವರ ಉಕ್ಕನ್ನು ಜೊತೆ ಮಾಡಿಕೊಂಡು ನಮ್ಮ ಪೇಟೆಗೇ ಮಾರಾಟಕ್ಕೆ ಬರುತ್ತಿತ್ತು! ಇಂತಹ ಸಣ್ಣ ಚಾಕುವಿಗೆ ಇಂಗ್ಲಿಷಿನಲ್ಲಿ ಪೆನ್‌ನೈಫ್ ಎಂಬ ಹೆಸರು ಬಂದದ್ದು ಹಕ್ಕಿಯ ಗರಿಯ ಲೇಖನಿಯ ತುದಿಯನ್ನು ಕೆತ್ತುವುದಕ್ಕೆ ಬಳಸುತ್ತಿದ್ದುದರಿಂದ. ಅಪ್ಪಯ್ಯ ಚಿಕ್ಕ ಅಲಗಿನಿಂದ ನಮಗೆ ಬಿದಿರಿನ ಲೆಕ್ಕಣಿಕೆ ಕೆತ್ತಿಕೊಡುತ್ತಿದ್ದರು. ದೊಡ್ಡದರಿಂದ ಮಾಡದ ಕೆಲಸವಿಲ್ಲ. ಅಡಿಕೆ ಹೋಳು, ವೀಳ್ಯದೆಲೆಯ ತೊಟ್ಟು, ಮಾವಿನ ಹಣ್ಣು, ಬಾಳೆನಾರು, ಟಪಾಲಿನ ಲಕೋಟೆ, ಒಮ್ಮೆ ನನ್ನ ಕಾಲಿಗೆ ಚುಚ್ಚಿದ ಮುಳ್ಳು. ಸ್ನಾನದ ಹೊತ್ತನ್ನು ಬಿಟ್ಟರೆ ಅದು ಅವರ ಸೊಂಟದಿಂದ ದೂರವಾದುದನ್ನು ನಾನು ಕಂಡಿಲ್ಲ.

ಸೋದರಳಿಯ ಭೂತಗನ್ನಡಿ ಹಿಡಿದು ನೋಡಿದ. “ಒಳ್ಳೆಯ ಚಾಕು ಆಗಿತ್ತು ಮಾವ” ಎಂದ. ಆ ಭೂತಕಾಲದ ಕ್ರಿಯಾಪದ ನನ್ನ ಕಿವಿಗೆ ಬೀಳದೆ ಇರಲಿಲ್ಲ. ದೊಡ್ಡ ಅಲಗಿನಲ್ಲಿ ಅರ್ಧದಷ್ಟು ಸವೆದು ಹೋಗಿದೆ. ಅಪ್ಪಯ್ಯ ವಾರಕ್ಕೊಮ್ಮೆ ಬಚ್ಚಲಕಟ್ಟೆಯ ಕಲ್ಲಿನ ಮೇಲೆ ಮಸೆಯುತ್ತಿದ್ದರು; ಯಾವಾಗಲೂ ನಡುಭಾಗಕ್ಕೇ ಒತ್ತು ಕೊಡುತ್ತಿದ್ದುದರಿಂದ ಅಲ್ಲಿ ಅಲಗು ಒಳಕ್ಕೆ ಬಾಗಿ ಎಳೆಯ ಚಂದ್ರನಂತಾಗಿದೆ. ಸಂಗ್ರಾಹಕರ ಲೆಕ್ಕದಲ್ಲಿ ಇದಕ್ಕೆ ಬೆಲೆಯಿಲ್ಲ. ಆದರೂ ತನಗೆ ಕೊಟ್ಟರೆ ಗಾಜಿನ ಚೌಕಟ್ಟಿನಲ್ಲಿರಿಸಿ, ಕೆಳಗೆ ಅಜ್ಜನ ಹೆಸರು ಬರೆಸಿ ಕಾಪಾಡುವೆನೆಂದ. ಅಷ್ಟರಲ್ಲಿ ನನ್ನ ಮಗಳು ಹಿತ್ತಿಲಿನಿಂದ ಬಂದಳು. ಅವಳಿಗೆ ಇತ್ತೀಚೆಗೆ ಮಾವಿನ ಸಸಿಗಳಿಗೆ ಕಸಿ ಕಟ್ಟುವ ಹುಚ್ಚು. “ಗಾಜಿನೊಳಗೆ ಇಡುವುದಕ್ಕೆ ಅಜ್ಜ ಅದನ್ನು ಅಷ್ಟು ವರ್ಷ ಮಸೆದದ್ದಾ? ನನಗೆ ಕೊಡಿ, ಕಸಿಗೆ ಬೇಕು” ಎಂದಳು. ಚರ್ಚೆ ಆರಂಭವಾದದ್ದು ಹೀಗೆ.

ಬಳಕೆಯ ಪಕ್ಷದಲ್ಲಿ ಹೇಳಬಹುದಾದದ್ದು ಬಹಳವಿದೆ. ಅಪ್ಪಯ್ಯನ ಚಾಕುವಿನ ಅಲಗು ಕಪ್ಪಾಗಿದೆ, ಆದರೆ ಕೆಂಪು ತುಕ್ಕು ಇಲ್ಲ. ಅಡಿಕೆಯ ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ರಸಾಯನಶಾಸ್ತ್ರ. ಆ ಕಪ್ಪು ಪದರ ಉಕ್ಕನ್ನು ತುಕ್ಕಿನಿಂದ ತಕ್ಕಮಟ್ಟಿಗೆ ಕಾಯುತ್ತದೆ. ಮತ್ತೊಂದು ಮಾತು: ನಿತ್ಯ ಬಳಸುವವನು ನಿತ್ಯ ಒರೆಸುತ್ತಾನೆ. ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ಕೆಡುವುದಿಲ್ಲ ಎಂಬುದು ಭ್ರಮೆ. ಚರ್ಮದ ಚೀಲದಲ್ಲಿ ಬಹುಕಾಲ ಇಟ್ಟರೆ ಅದು ಹೀರಿಕೊಂಡ ತೇವವೂ ಚರ್ಮ ಹದಮಾಡಿದ ದ್ರವ್ಯಗಳೂ ಅಲಗನ್ನು ತಿನ್ನುತ್ತವೆ. ಹಳೆಯ ಅಮೆರಿಕನ್ ಚಾಕುಗಳ ಸೆಲ್ಯುಲಾಯ್ಡ್ ಹಿಡಿಗಳು ಕಾಲಾಂತರದಲ್ಲಿ ವಿಘಟನೆಗೊಂಡು ಆಮ್ಲದ ಆವಿಯನ್ನು ಬಿಡುತ್ತವೆ. ಮುಚ್ಚಿದ ಡಬ್ಬದಲ್ಲಿ ಆ ಆವಿ ತನ್ನ ಅಲಗನ್ನಷ್ಟೇ ಅಲ್ಲ, ಪಕ್ಕದ ಚಾಕುವನ್ನೂ ಕೆಡಿಸುತ್ತದೆ. ಈ ಸಂಗತಿ ತಿಳಿಸಿದವನು ಸೋದರಳಿಯನೇ. ಅವನ ಹದಿನೇಳರಲ್ಲಿ ಒಂದು ಹಾಗೆಯೇ ಕೆಟ್ಟಿತ್ತು.

ನಮ್ಮ ಸಂಪ್ರದಾಯವನ್ನೇ ನೋಡಿ. ಮಹಾನವಮಿಯ ಆಯುಧಪೂಜೆಯಂದು ಅಪ್ಪಯ್ಯ ಕತ್ತಿ, ಹಾರೆ, ಅಡಕತ್ತರಿಗಳ ಸಾಲಿನಲ್ಲಿ ಈ ಚಾಕುವನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಆ ದಿನ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಡಿಕೆಯನ್ನು ಹಲ್ಲಿನಲ್ಲೇ ಕಡಿಯಬೇಕು. ವಿಜಯದಶಮಿಯ ಬೆಳಗ್ಗೆ ಅದು ಮತ್ತೆ ಸೊಂಟಕ್ಕೆ. ವರ್ಷಕ್ಕೆ ಒಂದು ದಿನ ಪೂಜೆ, ಉಳಿದ ದಿನ ದುಡಿಮೆ. ಗಾಜಿನ ಚೌಕಟ್ಟೆಂದರೆ ಮುಗಿಯದ ಮಹಾನವಮಿ ಎಂದು ನಾನು ಹೇಳಿದಾಗ ಮಗಳು ನಕ್ಕಳು, ಅಳಿಯ ನಗಲಿಲ್ಲ.

ಅವನ ಪಕ್ಷವನ್ನು ಹಗುರಾಗಿ ಕಾಣುವಂತೆಯೂ ಇಲ್ಲ. ಇದೇ ರಾಜರ್ಸ್ ಕಂಪನಿ 1822ರಲ್ಲಿ ಕ್ರಿಸ್ತಶಕದ ವರ್ಷಕ್ಕೆ ಒಂದರಂತೆ 1822 ಅಲಗುಗಳ ಒಂದು ಚಾಕುವನ್ನು ಮಾಡಿತ್ತು. ಅದರಿಂದ ಸೇಬು ಹೆಚ್ಚಲಾಗದು. ನೋಡಲೆಂದೇ ಹುಟ್ಟಿದ ವಸ್ತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಮೊದಲು ಒದಗಿಸಿದ ಚಾಕುಗಳಲ್ಲಿ ಒಂದು ಸಿಕ್ಕರೆ ಅದರಿಂದ ಪೆನ್ಸಿಲ್ ಕೆತ್ತುವುದು ಅಪಚಾರವೇ. ಯಾರಾದರೂ ಕೆಲವನ್ನು ಸವೆಯಗೊಡದೆ ಉಳಿಸದಿದ್ದರೆ, ಅಪ್ಪಯ್ಯನ ಚಾಕು ಹೊಸದಾಗಿದ್ದಾಗ ಹೇಗಿತ್ತೆಂದು ನನಗೇ ತಿಳಿಯುತ್ತಿರಲಿಲ್ಲ. ಅಳಿಯ ತನ್ನ ಬಳಿಯಿದ್ದ ಅಂಥದೇ ಇನ್ನೊಂದು ರಾಜರ್ಸ್ ಚಾಕುವನ್ನು ಪಕ್ಕದಲ್ಲಿಟ್ಟು ತೋರಿಸಿದಾಗಲೇ ಎಷ್ಟು ಉಕ್ಕು ಕರಗಿದೆಯೆಂಬುದು ನನಗೆ ಕಂಡದ್ದು.

ಆದರೆ ಕಾರ್ಖಾನೆಯಿಂದ ದಿನವೂ ಹೊರಬೀಳುವ ಮಾಲನ್ನು ಬೆಲೆ ಏರೀತೆಂದು ಬಚ್ಚಿಡುವುದನ್ನು ನಾನು ಒಪ್ಪಲಾರೆ. 2001ರಲ್ಲಿ ನಾನು ನಿವೃತ್ತನಾದಾಗ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಎಲ್ಸೆನರನ ಕಂಪನಿಯಾದ ವಿಕ್ಟೋರಿನಾಕ್ಸ್‌ನ ಕೆಂಪು ಚಾಕುವನ್ನು ಕೊಟ್ಟಿದ್ದೀರಿ. ಚಾಕುವನ್ನು ಪುಕ್ಕಟೆ ಪಡೆದರೆ ಸ್ನೇಹ ತುಂಡಾಗುತ್ತದೆಂಬ ನಂಬಿಕೆ ಯುರೋಪಿನಲ್ಲಿದೆಯೆಂದು ನಿಮ್ಮಲ್ಲೊಬ್ಬ ನನ್ನಿಂದ ಒಂದು ರೂಪಾಯಿ ವಸೂಲಿ ಮಾಡಿದ್ದೂ ನೆನಪಿದೆ. ಅದರ ಹೆಸರಿನಲ್ಲಿಯೂ ಒಂದು ಕಥೆಯಿದೆ: ವಿಕ್ಟೋರಿಯಾ ಎಂಬುದು ಎಲ್ಸೆನರನ ತಾಯಿಯ ಹೆಸರು. 1909ರಲ್ಲಿ ಆಕೆ ತೀರಿಕೊಂಡಾಗ ಆ ಹೆಸರನ್ನು ಮಾಲಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ 1921ರಲ್ಲಿ ಅದಕ್ಕೆ ‘ಇನಾಕ್ಸ್’ ಸೇರಿತು. ನೀವು ಕೊಟ್ಟ ಸಂಜೆಯೇ ಅದರಿಂದ ಕಿತ್ತಳೆ ಸುಲಿದೆ. ಅಂದಿನಿಂದ ಇಂದಿನವರೆಗೆ ಅದು ನನ್ನ ಜುಬ್ಬಾದ ಜೇಬಿನಲ್ಲಿದೆ. ನೀವು ಕೆತ್ತಿಸಿದ ಅಕ್ಷರಗಳು ಬಹುತೇಕ ಅಳಿಸಿವೆ, ಹಲ್ಲುಕಡ್ಡಿ ಎರಡು ಸಲ ಕಳೆದು ಹೊಸದು ಬಂದಿದೆ. ಅದನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೀರಾ ಸರ್ ಎಂದು ಕೇಳುವವರಿಗೆ ಇದೇ ಉತ್ತರ.

ಹಾಗಾದರೆ ಅಪ್ಪಯ್ಯನದು? ಮೂರನೆಯ ದಿನ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಮಸೆದಾಗಲೆಲ್ಲ ಕಲ್ಲಿನ ಮೇಲೆ ನಿಲ್ಲುವ ಬೂದು ರಾಡಿ ಉಕ್ಕಿನದೇ. ಇಲ್ಲಿ ಉಳಿಸಬೇಕಾದದ್ದು ಶೆಫೀಲ್ಡಿನವರ ಕೈಚಳಕವಲ್ಲ, ಅದು ಆಗಲೇ ಹೋಗಿದೆ. ಉಳಿದಿರುವುದು ಅಪ್ಪಯ್ಯನ ಕೈಯ ಒತ್ತು ಕೊರೆದ ಆ ಬಾಗು. ಇನ್ನು ನಾನೋ ಮಗಳೋ ಮಸೆಯತೊಡಗಿದರೆ ಅವರ ಬಾಗು ಅಳಿದು ನಮ್ಮದು ಬರುತ್ತದೆ. ಅದನ್ನು ನನ್ನ ಮನಸ್ಸು ಒಪ್ಪಲಿಲ್ಲ. ದೊಡ್ಡ ಅಲಗಿಗೆ ಇನ್ನು ಮಸೆಗಲ್ಲು ಬೇಡವೆಂದು ತೀರ್ಮಾನಿಸಿದೆ. ಚಿಕ್ಕ ಅಲಗು ಹೆಚ್ಚು ಸವೆದಿಲ್ಲ. ಅದರಿಂದ ಮೊಮ್ಮಗಳ ಪೆನ್ಸಿಲ್ ಕೆತ್ತುತ್ತೇನೆ. ಅಪ್ಪಯ್ಯ ಕೊಬ್ಬರಿಎಣ್ಣೆ ಹಚ್ಚುತ್ತಿದ್ದರು, ಅದು ಚಳಿಗೆ ಹೆಪ್ಪುಗಟ್ಟಿ ಕೀಲಿನಲ್ಲಿ ಅಂಟಾಗುತ್ತದೆ. ನಾನು ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡುತ್ತೇನೆ. ಕಸಿಗೆ ಅರ್ಧ ಸವೆದು ಒಳಬಾಗಿದ ಅಲಗು ಸರಿಯಾಗದು, ನೇರ ಅಲಗೇ ಬೇಕು. ಮಗಳು ಸಾಗರದ ಪೇಟೆಯಿಂದ ಕಸಿಚಾಕು ತಂದುಕೊಂಡಳು. ಅವಳಿಗೆ ಸ್ವಲ್ಪ ಅಸಮಾಧಾನವಿದೆ, ಅದು ಇರಲಿ.

ಅಳಿಯನಿಗೆ ಅಪ್ಪಯ್ಯನ ಚಾಕು ಸಿಗಲಿಲ್ಲ. ಹೊರಡುವ ಮುನ್ನಾದಿನ ಅವನೇ ಪೆಟ್ಟಿಗೆಯಿಂದ ಒಪಿನೆಲ್ ಕಂಪನಿಯ ಎಂಟನೆಯ ನಂಬರಿನ ಚಾಕುವನ್ನು ಹೊರತೆಗೆದ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಿಂದ ರೈತರಿಗಾಗಿ ಮಾಡುತ್ತ ಬಂದ ಸಾದಾ ಚಾಕು ಅದು. ಬೀಚ್ ಮರದ ಹಿಡಿ, ಇಂಗಾಲದ ಉಕ್ಕು. ಜಗುಲಿಯಲ್ಲಿ ಕುಳಿತು ಒಂದು ಮೊಗೆಸೌತೆ, ಎರಡು ನಿಂಬೆ, ಆಮೇಲೆ ಒಂದು ಅನಾನಸು ಹೆಚ್ಚಿದ. ಸಂಜೆಗೆ ಅಲಗು ನೀಲಿಗಪ್ಪಾಯಿತು. ರಾತ್ರಿ ಅಕಾಲದ ಮಳೆ ಬಂದು ಗಾಳಿಯ ತೇವಕ್ಕೆ ಮರದ ಹಿಡಿ ಊದಿಕೊಂಡು ಬೆಳಗ್ಗೆ ಚಾಕು ತೆರೆಯಲೇ ಇಲ್ಲ. ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗು ಹೊರಬರುತ್ತದೆ, ಸವೋಯ್ ರೈತರ ಉಪಾಯವೂ ಅದೇ. ನಾಲ್ಕನೆಯ ಏಟಿಗೆ ಬಂತು.

ಮೊನ್ನೆ ಬೆಂಗಳೂರಿನಿಂದ ಫೋನು ಮಾಡಿದ್ದ. ನೀಲಿಯ ನಡುವೆ ಎರಡು ಕೆಂಪು ಚುಕ್ಕೆ ಕಾಣುತ್ತಿವೆ, ಏನು ಮಾಡಲಿ ಎಂದ. ಕೆಂಪನ್ನು ಮಾತ್ರ ಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆ, ನೀಲಿಯನ್ನು ಮುಟ್ಟಬೇಡ, ಹಣ್ಣು ಹೆಚ್ಚಿದ ಕೂಡಲೇ ಒರೆಸು ಎಂದೆ. ಉಳಿದ ಹದಿನಾರು ಇನ್ನೂ ಡಬ್ಬದಲ್ಲಿಯೇ ಇವೆಯಂತೆ.