ಮಗಳ ಗಿಟಾರೂ ಅಜ್ಜನ ಕಿವಿಯೂ

ಮಲ್ಲಾಪುರದ ನಮ್ಮ ಟೌನ್‌ಶಿಪ್‌ನಲ್ಲಿ ಹಗಲು ಹೊತ್ತು ಮಿಕ್ಸಿ ತಿರುಗಿಸುವುದಕ್ಕೂ ಯೋಚಿಸಬೇಕು. ಕೈಗಾ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಯಾವುದಾದರೂ ಒಂದು ಮನೆಯಲ್ಲಿ ಮಲಗಿರುತ್ತಾರೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಹಾಗಾಗಿ ಎಂಟನೇ ತರಗತಿಯ ಮಗಳು ಎಲೆಕ್ಟ್ರಿಕ್ ಗಿಟಾರ್ ಬೇಕೆಂದಾಗ ನಾನು ಮೊದಲು ಹೇಳಿದ ಮಾತು, ‘ಅಪ್ಪ ನಿದ್ದೆ ಮಾಡೋದು ಬೇಡ್ವಾ?’ ಅವಳು ನಗುತ್ತ ವಿವರಿಸಿದಳು. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಟೊಳ್ಳಿಲ್ಲ, ಇಡೀ ಹಲಗೆ. ವೈರು ಸಿಕ್ಕಿಸದಿದ್ದರೆ ಅವಳ ಹಳೆಯ ಮರದ ಗಿಟಾರಿಗಿಂತ ಸಣ್ಣ ದನಿ. ಹೆಡ್‌ಫೋನ್ ಹಾಕಿಕೊಂಡರೆ ಅವಳೊಬ್ಬಳಿಗೇ ಕೇಳುತ್ತದೆ.

ಆದರೆ ಅವಳೊಬ್ಬಳಿಗೇ ಕೇಳಿದರೆ ಸಾಲದಲ್ಲ. ದುಡ್ಡು ಕೊಡುವವರು ಅವಳ ಅಜ್ಜ, ನನ್ನ ಅಪ್ಪ. ಅಂಕೋಲಾದಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು, ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಈಗ ಹಾರ್ಮೋನಿಯಂ ಸಮೇತ ನಮ್ಮಲ್ಲಿದ್ದಾರೆ. ಕಿವಿ ಮಂದವಾಗಿ ನಾಲ್ಕೈದು ವರ್ಷವಾಯಿತು. ಶ್ರವಣಯಂತ್ರ ತರಿಸಿದರೆ ಡಬ್ಬಿಯಿಂದ ಹೊರಗೆ ತೆಗೆಯುವುದಿಲ್ಲ. ಪಿಂಚಣಿಯಲ್ಲಿ ಉಳಿಸಿದ ಮೂವತ್ತು ಸಾವಿರವನ್ನು ಮೊಮ್ಮಗಳ ಕೈಗಿಟ್ಟು ಅವರು ಹಾಕಿದ ಷರತ್ತು ಒಂದೇ: ‘ತಂಗೀ, ನೀ ಬಾರಿಸಿದ್ದು ನಂಗೆ ಕೇಳ್ಬೇಕು.’

ಮೂವತ್ತು ಸಾವಿರಕ್ಕೆ ಅಸಲಿ ಅಮೆರಿಕನ್ ಗಿಟಾರ್ ಬರುವುದಿಲ್ಲ, ಅದೆಲ್ಲ ಲಕ್ಷದ ಮೇಲಿನ ಮಾತು. ಅಗ್ಗದ ಮಾದರಿಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಎರಡು ಹಳೆಯ ಅಚ್ಚುಗಳ ಮಕ್ಕಳು, ಮೊಮ್ಮಕ್ಕಳು. ಒಂದು, ಗಿಬ್ಸನ್ ಕಂಪನಿ 1952ರಲ್ಲಿ ವಾದಕ ಲೆಸ್ ಪಾಲ್ ಹೆಸರಿನಲ್ಲೇ ಹೊರತಂದದ್ದು. ಇನ್ನೊಂದು, 1954ರಲ್ಲಿ ಬಂದ ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್. ಇದರ ಹಿಂದಿದ್ದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವಂತೆ. ಜಿಮಿ ಹೆಂಡ್ರಿಕ್ಸ್ ಕೈಯಲ್ಲಿ ಸ್ಟ್ರ್ಯಾಟ್, ಜಿಮಿ ಪೇಜ್ ಕೈಯಲ್ಲಿ ಲೆಸ್ ಪಾಲ್ ಎಂದು ಮಗಳ ಗೋಡೆಯ ಮೇಲೆ ಇಬ್ಬರು ಜಿಮಿಗಳೂ ಇದ್ದಾರೆ. ಹಾಗಾಗಿ ಗೋಡೆ ನೋಡಿ ತೀರ್ಮಾನಿಸುವಂತಿರಲಿಲ್ಲ.

ನನ್ನ ಗಂಡನಿಗೆ ಸಂಗೀತಕ್ಕಿಂತ ಅದರ ಒಳಗಿನ ಸಾಮಾನಿನ ಮೇಲೆ ಆಸಕ್ತಿ. ತಂತಿಯ ಕೆಳಗೆ ‘ಪಿಕಪ್’ ಎಂಬ ಒಂದು ಪಟ್ಟಿ ಇರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ‘ನಮ್ಮಲ್ಲಿ 220 ಮೆಗಾವಾಟಿನ ಜನರೇಟರು ನಾಲ್ಕಿವೆಯಲ್ಲ, ಅವೂ ಇದೇ ಲೆಕ್ಕ. ಅಲ್ಲಿ ಹಬೆ ತಿರುಗಿಸ್ತದೆ, ಇಲ್ಲಿ ಬೆರಳು ಮೀಟ್ತದೆ’ ಎಂದು ಅವರು ಹೇಳಿದ ದಿನ ಮಗಳಿಗೆ ಅಪ್ಪನ ಕೆಲಸದ ಮೇಲೆ ಗೌರವ ಹುಟ್ಟಿತು. ಅಲ್ಲಿಯ ಮೊದಲನೇ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿದಾಗ ಕೂಡ ಅಷ್ಟು ಹುಟ್ಟಿರಲಿಲ್ಲ. ಆಗ ಚಿಕ್ಕವಳು ಬಿಡಿ.

ಸ್ಟ್ರ್ಯಾಟ್‌ನ ಪಿಕಪ್ಪಿನಲ್ಲಿ ಒಂದೇ ಸುರುಳಿ. ದನಿ ತಿಳಿ, ಚೂಪು, ಗೆಜ್ಜೆಯ ಹಾಗೆ. ಆದರೆ ಆ ಸುರುಳಿ ಮನೆಯ ವೈರಿಂಗು, ಟ್ಯೂಬ್‌ಲೈಟು ಎಲ್ಲದರ ವಿದ್ಯುತ್ತನ್ನೂ ಹಿಡಿದು ‘ಗುಂಯ್’ ಎನ್ನುತ್ತದೆ. 1957ರಿಂದ ಲೆಸ್ ಪಾಲ್‌ಗೆ ಬಂದದ್ದು ಜೋಡಿ ಸುರುಳಿಯ ‘ಹಂಬಕರ್’. ಒಂದು ಸುರುಳಿಯ ಗುಂಯ್ ಇನ್ನೊಂದರದಕ್ಕೆ ವಿರುದ್ಧವಾಗಿ ಎರಡೂ ವಜಾ ಆಗುತ್ತವೆ, ಸಂಗೀತ ಮಾತ್ರ ಕೂಡುತ್ತದೆ. ದನಿ ದಪ್ಪ, ಬೆಲ್ಲದ ಪಾಕದ ಹಾಗೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಹೋಗುವುದು ಎತ್ತರದ, ಚೂಪಾದ ದನಿ. ಹಾಗಾಗಿ ನಾನು ಲೆಸ್ ಪಾಲ್ ಪಕ್ಷ.

ಗಂಡ ಸ್ಟ್ರ್ಯಾಟ್ ಪಕ್ಷ. ಅದರ ಕತ್ತು ನಾಲ್ಕು ಸ್ಕ್ರೂಗಳಲ್ಲಿ ನಿಂತಿರುತ್ತದೆ, ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಲೆಸ್ ಪಾಲ್‌ನದು ಅಂಟಿಸಿದ ಕತ್ತು. ತಲೆ ಹಿಂದಕ್ಕೆ ಬಾಗಿರುವುದರಿಂದ ಬಿದ್ದರೆ ಅಲ್ಲೇ ಮುರಿಯುವುದು ಹೆಚ್ಚು. ನಾಳೆ ತಾರಾಪುರಕ್ಕೋ ರಾವತ್‌ಭಾಟಾಕ್ಕೋ ವರ್ಗವಾದರೆ ಲಾರಿಯಲ್ಲಿ ಹೋಗಬೇಕಾದ ಸಾಮಾನು ಅದು. ಈ ವಾದವನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ.

ಒಂದು ಶನಿವಾರ ಕಾರವಾರದಿಂದ ರೈಲು ಹತ್ತಿ ಮಡಗಾಂವಿಗೆ ಹೋದೆವು, ಅಜ್ಜನೂ ಸೇರಿ. ಅಂಗಡಿಯ ಹುಡುಗನ ಜೊತೆ ಅವರು ಕೊಂಕಣಿಯಲ್ಲಿ ಊರು, ಮನೆ ವಿಚಾರಿಸುವಷ್ಟರಲ್ಲಿ ಮಗಳು ಲೆಸ್ ಪಾಲ್ ಮಾದರಿಯನ್ನು ಹೆಗಲಿಗೆ ಹಾಕಿದ್ದಳು. ಅಜ್ಜ ಕಲಿಸಿದ ಮೋಹನ ರಾಗದ ಭಜನೆಯನ್ನೇ ನುಡಿಸಿದಳು. ಈ ಗಿಟಾರಿನಲ್ಲಿ ತಂತಿಯ ಉದ್ದ 628 ಮಿಲಿಮೀಟರ್, ಸ್ಟ್ರ್ಯಾಟ್‌ನಲ್ಲಿ 648. ಎರಡು ಸೆಂಟಿಮೀಟರ್ ಏನು ಮಹಾ ಎನ್ನಿಸಬಹುದು, ಆದರೆ ಗಿಡ್ಡ ತಂತಿಯ ಬಿಗಿ ಕಡಿಮೆ. ಎಳೆದು ಗಮಕ ತೆಗೆಯಲು ಸಣ್ಣ ಬೆರಳಿಗೆ ಸಲೀಸು. ಅಜ್ಜ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ‘ಚಲೋ ಕೇಳ್ತದೆ’ ಎಂದರು. ನಾನು ಮನಸ್ಸಿನಲ್ಲೇ ಬಿಲ್ ಮಾಡಿಸಿಬಿಟ್ಟೆ.

ಆದರೆ ಅವಳ ಎಡ ಹೆಗಲು ಇಳಿದಿತ್ತು. ಹತ್ತಿರ ಹತ್ತಿರ ನಾಲ್ಕು ಕಿಲೋ ಭಾರ, ಹುಡುಗಿ ಇರುವುದೇ ಮೂವತ್ತೆಂಟು ಕಿಲೋ. ಸ್ಟ್ರ್ಯಾಟ್ ಎತ್ತಿಕೊಂಡಾಗ ಅದರ ಹಿಂಬದಿಯ ಹಳ್ಳ ಪಕ್ಕೆಲುಬಿಗೆ ಕೂತಿತು, ಮುಖವೇ ಬದಲಾಯಿತು. ನುಡಿಸಿದಳು. ಅಜ್ಜ ಕಣ್ಣು ತೆರೆದು ಅವಳ ಬೆರಳು ನೋಡುತ್ತ ಕೂತರು. ಕೈ ತೊಡೆಯ ಮೇಲೆ ಸುಮ್ಮನಿತ್ತು. ಸಭ್ಯರು, ತಲೆ ಆಡಿಸಿದರು.

ಅವಳಿಗೆ ತಿಳಿಯಿತು. ಹುಡುಗನನ್ನು ಕೇಳಲಿಲ್ಲ, ನನ್ನ ಕಡೆ ನೋಡಲಿಲ್ಲ. ಸ್ವಿಚ್ಚನ್ನು ಕತ್ತಿನ ಬದಿಯ ಪಿಕಪ್ಪಿಗೆ ತಳ್ಳಿದಳು. ತಂತಿ ಅಲ್ಲಿ ಅಗಲವಾಗಿ ಅಲುಗುತ್ತದೆ, ಹಾಗಾಗಿ ದನಿಗೆ ಮೈ ಬರುತ್ತದೆ. ಆಮೇಲೆ ಟೋನ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಅದೇ ಸಾಲು ಮತ್ತೆ ಮತ್ತೆ, ಕಣ್ಣು ಮಾತ್ರ ಅಜ್ಜನ ಕೈ ಮೇಲೆ. ಮೂರನೇ ಸಲವೋ ನಾಲ್ಕನೇ ಸಲವೋ ಆ ಕೈ ತಾಳ ಹಿಡಿಯಿತು. ಲೆಸ್ ಪಾಲ್‌ನಷ್ಟು ದಪ್ಪ ದನಿ ಅಲ್ಲ, ಅದನ್ನು ಒಪ್ಪಬೇಕು.

‘ಆ ಇನ್ನೊಂದೇ ಚಲೋ ಕೇಳಿತ್ತಲ್ರಾ ಅಪ್ಪ?’ ಎಂದು ನಾನು ಕಿವಿಯ ಹತ್ತಿರ ಬಾಗಿ ಕೇಳಿದೆ.

‘ಹೌದು. ಆದ್ರೆ ಹೊರೋಳು ಅವಳು. ಇದಕ್ಕೂ ಅಡ್ಡಿಲ್ಲ.’

ಸ್ಟ್ರ್ಯಾಟ್ ಮನೆಗೆ ಬಂತು, ಒಂದು ಪುಟ್ಟ ಆಂಪ್ಲಿಫೈಯರ್ ಜೊತೆ. ಕಪಾಟಿನಲ್ಲಿ ಒದ್ದೆ ಹೀರುವ ಸಿಲಿಕಾ ಪೊಟ್ಟಣಗಳ ನಡುವೆ ಅದರ ವಾಸ. ನಮ್ಮ ಮಳೆಗಾಲಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಗುಂಯ್ ಸದ್ದೂ ಜೊತೆಗೇ ಬಂತು. ಫ್ರಿಜ್ ಕಡೆ ಕೂತರೆ ಜಾಸ್ತಿ, ಕಿಟಕಿಯ ಕಡೆ ತಿರುಗಿದರೆ ಕಡಿಮೆ. ಹಾಗಾಗಿ ಸಂಜೆ ಐದರ ನಂತರ, ಅಪ್ಪ ಎದ್ದ ಮೇಲೆ, ಅವಳ ಸ್ಟೂಲು ಕಿಟಕಿಯ ಬಳಿ. ಅಜ್ಜನ ಕುರ್ಚಿಯೂ ಅಲ್ಲಿಗೇ ಸರಿಯಿತು.

ಪೂರ್ತಿ ಹೋಗದ ಆ ಗುಂಯ್ ಬಗ್ಗೆ ಅವಳು ಗೊಣಗುತ್ತಿದ್ದಾಗ ಅಜ್ಜ ಹಾರ್ಮೋನಿಯಂ ಎಳೆದುಕೊಂಡು ಒಂದೊಂದೇ ಮನೆ ಒತ್ತಿ ನೋಡಿದರು. ‘ಬಿಳಿ ಐದರ ಹತ್ರ ಇದೆ, ಒಂಚೂರು ಏರು’ ಎಂದರು. ನನ್ನವರು ಲೆಕ್ಕ ಹಾಕಿದರು: ನಮ್ಮ ಕರೆಂಟು ಸೆಕೆಂಡಿಗೆ 50 ಕಂಪನ, ಕೆಳಗಿನ ಬಿಳಿ ಐದು 49. ಅಜ್ಜನಿಗೆ ಆ ಲೆಕ್ಕ ಕೇಳಿಸಿತೋ ಇಲ್ಲವೋ. ‘ಪುಕ್ಕಟೆ ಶ್ರುತಿಪೆಟ್ಟಿಗೆ ಸಿಕ್ಕಿದೆ, ಇದಕ್ಕೇ ತಂತಿ ಸೇರಿಸು ತಂಗೀ’ ಎಂದರು. ಅವಳು ಬಿರಡೆ ತಿರುಗಿಸಲು ಕೂತಳು.