ವಾರಾನ್ನವೂ ವಿದ್ಯಾನಿಧಿಯೂ

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ದಾನದ ಕ್ರಮವನ್ನು ಬೋಧಿಸುವ ಸ್ಥಳವೊಂದುಂಟು. ಶ್ರದ್ಧೆಯಿಂದ ಕೊಡಬೇಕೆಂದು ಹೇಳಿ ಅಷ್ಟಕ್ಕೇ ನಿಲ್ಲಿಸದೆ, ನಾಚಿಕೆಯಿಂದಲೂ ಕೊಡಬೇಕೆಂದು ಅಲ್ಲಿ ವಿಧಿಸಿದೆ. ಪಾಠಶಾಲೆಯಲ್ಲಿ ನಾನು ಇದನ್ನು ಸ್ವರಸಹಿತವಾಗಿ ಬಾಯಿಪಾಠ ಮಾಡಿದ್ದೆನೇ ಹೊರತು, ಕೊಡುವವನು ಏಕೆ ನಾಚಬೇಕೆಂಬುದು ನನಗೆ ತಿಳಿದಿರಲಿಲ್ಲ. ತಿಳಿದದ್ದು ಅರುವತ್ತು ದಾಟಿದ ಮೇಲೆ. ಅದೂ ಒಂದು ತಪ್ಪು ಮಾಡಿದ ಮೇಲೆ.

ವಾರಾನ್ನದ ಪದ್ಧತಿಯು ಅಸ್ತಂಗತವಾಗುತ್ತಿದ್ದ ಕಾಲದಲ್ಲಿ, 1971ರ ಸುಮಾರಿಗೆ, ಅದರ ಕೊನೆಯ ಪಂಕ್ತಿಯಲ್ಲಿ ಕುಳಿತವರಲ್ಲಿ ನಾನೊಬ್ಬ. ವಾರದ ಏಳು ದಿನಕ್ಕೆ ಏಳು ಮನೆ. ಗುರುವಾರದ ಮನೆಯ ಯಜಮಾನರು ಧಾರಾಳಿಗಳು, ತುಪ್ಪಕ್ಕೆ ಕೊರತೆಯಿರಲಿಲ್ಲ. ಆದರೆ ಯಾರೇ ಅತಿಥಿಗಳು ಬರಲಿ, ನನ್ನ ಕಡೆ ಬೆರಳು ತೋರಿಸಿ, “ಇವನು ನಮ್ಮ ವಾರದ ಹುಡುಗ” ಎನ್ನುತ್ತಿದ್ದರು. ಆಗ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಶನಿವಾರದ ಮನೆ ಬಡವರದು. ಅಲ್ಲಿಯ ವೃದ್ಧೆಯು ಎರಡನೆಯ ಸಲ ಅನ್ನ ಬಡಿಸುವಾಗ ಬೇಕೇ ಎಂದು ಕೇಳುತ್ತಲೇ ಇರಲಿಲ್ಲ. ಕೇಳಿದರೆ ಹುಡುಗನು ಸಂಕೋಚದಿಂದ ಸಾಕೆನ್ನುವನೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಮುಖವನ್ನು ಬೇರೆ ಕಡೆಗೆ ತಿರುಗಿಸಿ ಬಡಿಸಿ ಹೋಗುತ್ತಿದ್ದಳು.

ಊರಿನ ಏಳು ಮನೆಗಳು ಒಬ್ಬ ಹುಡುಗನಿಗೆ ಮಾಡಿದುದನ್ನು ನಾಡಿನ ಮಹನೀಯರು ಸಾವಿರಾರು ಮಂದಿಗೆ ಮಾಡಿದ್ದಾರೆ. ಬೆಳಗಾವಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಕಾಲವಾಗುವುದಕ್ಕೆ ಮುಂಚೆಯೇ ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಿಂದ ಬಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನು ಹೊತ್ತಿರುವುದಷ್ಟೆ. ಆ ಕಾಲೇಜನ್ನು ತೆರೆದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಧನಿಕರಲ್ಲ, ಏಳು ಮಂದಿ ಉಪಾಧ್ಯಾಯರು. ಜಮಷೇಟಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯ ಕ್ರಮ ಇನ್ನೂ ವಿಚಾರಾರ್ಹವಾದುದು. ಪರದೇಶಕ್ಕೆ ಉಚ್ಚ ವ್ಯಾಸಂಗಕ್ಕೆ ಹೋಗುವವರಿಗೆ ಅದು ಹಣವನ್ನು ಸಾಲವೆಂದು ಕೊಟ್ಟಿತು. ತಿರುಗಿ ಬಂದ ಹಣ ಮುಂದಿನವನ ಪಾಲಿಗೆ. ಪಡೆದವನು ಯಾಚಕನಾಗಲಿಲ್ಲ, ಋಣಿಯಾದನು; ಋಣ ತೀರಿಸಿದ ದಿನ ತಾನೇ ದಾತನೂ ಆದನು. 1898ರಲ್ಲಿ ಅವರು ವಿಜ್ಞಾನಪೀಠವೊಂದಕ್ಕೆ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಲು ಮುಂದಾದರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. ಸಂಸ್ಥೆ ರೂಪುಗೊಂಡದ್ದು 1909ರಲ್ಲಿ. ಟಾಟಾ ಅವರು 1904ರಲ್ಲಿಯೇ ತೀರಿಕೊಂಡಿದ್ದರು. ತಾವು ಕೊಟ್ಟ ಹಣದಿಂದ ಓದಿದ ಒಬ್ಬ ವಿದ್ಯಾರ್ಥಿಯ ಮುಖವನ್ನೂ ಅವರು ಅಲ್ಲಿ ಕಾಣಲಿಲ್ಲ.

ಇವರೊಡನೆ ನನ್ನನ್ನು ಹೋಲಿಸಿಕೊಳ್ಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ಅವರ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವ ಪ್ರಸಂಗ ನನಗೂ ಒದಗಿತು. ನಾನು ನಿವೃತ್ತನಾದ ಮರುವರ್ಷ, 2019ರಲ್ಲಿ, ಸಮೀಪದ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಎರಡು ಹೊಸ ವಿಷಯಗಳ ವ್ಯಾಸಂಗ ಆರಂಭವಾಯಿತು. ಅದಕ್ಕೆ ಗ್ರಂಥಗಳೂ ಬಡ ವಿದ್ಯಾರ್ಥಿಗಳಿಗೆ ವೇತನವೂ ಬೇಕಾಗಿ, ಊರವರು ಒಂದು ನಿಧಿಯನ್ನು ಏರ್ಪಡಿಸಿ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದರು. ಮನೆಮನೆಗೆ ಹೋಗಿ ಬೇಡುವುದು ನನಗೆ ಹೊಸದಾಗಿರಲಿಲ್ಲ. ಹೊಸದಾಗಿ ಕಂಡದ್ದೆಂದರೆ, ಕೊಠಡಿಗೆ, ಕಮಾನಿಗೆ, ಕಡೆಗೆ ಕಲ್ಲುಬೆಂಚಿಗೂ ದಾತರು ಸಿಕ್ಕುವರು. ಗ್ರಂಥಗಳಿಗೂ ಅಧ್ಯಾಪಕರ ಸಂಭಾವನೆಗೂ ಸಿಕ್ಕುವುದು ಕಷ್ಟ. ಓದಿ ಸವೆದುಹೋಗುವ ಪುಸ್ತಕದ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಷ್ಟೆ.

ವಿದ್ಯಾರ್ಥಿ ವೇತನಕ್ಕೆ ಹಣ ಕೊಟ್ಟವರು ಒಂದು ಸಮಾರಂಭವನ್ನು ಬಯಸಿದರು. ನಾನು ಒಪ್ಪಿದೆನು. ಹನ್ನೆರಡು ಮಂದಿ ವಿದ್ಯಾರ್ಥಿಗಳು. ಒಬ್ಬೊಬ್ಬರ ಹೆಸರನ್ನೂ ತಂದೆಯ ಉದ್ಯೋಗವನ್ನೂ ವಾರ್ಷಿಕ ಆದಾಯವನ್ನೂ ವೇದಿಕೆಯಿಂದ ನಾನೇ ಓದಿದೆನು. ಎಂಟನೆಯ ಹೆಸರಿಗೆ ಯಾರೂ ಏಳಲಿಲ್ಲ. ಮೂರು ಸಲ ಕರೆದೆನು. ಹುಡುಗಿಯೊಬ್ಬಳು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತೇ ಇದ್ದಳು. ವಾರದ ಮೇಲೆ ಚೆಕ್ಕನ್ನು ಹಿಡಿದುಕೊಂಡು ನಾನೇ ಅವಳ ಮನೆಗೆ ಹೋದೆನು. “ಹಣ ಬೇಕಾಗಿತ್ತು, ಗುರುಗಳೇ. ಆದರೆ ಅಪ್ಪನ ಗಳಿಕೆಯನ್ನು ನನ್ನ ಗೆಳತಿಯರ ಮುಂದೆ ಓದಿದಿರಿ, ಏಳಲು ಕಾಲು ಬರಲಿಲ್ಲ” ಎಂದಳು. ಶುಲ್ಕದ ಕೊನೆಯ ದಿನ ಮೀರುವುದೆಂದು ತಂದೆಯು ಅಷ್ಟರಲ್ಲಿ ಬಡ್ಡಿಗೆ ಸಾಲ ತಂದು ಕಟ್ಟಿದ್ದನು. ಚೆಕ್ಕನ್ನು ಇಬ್ಬರೂ ಮುಟ್ಟಲಿಲ್ಲ. ಒತ್ತಾಯಿಸಿ ಚಹ ಕುಡಿಸಿ ಕಳುಹಿದರು.

ದಾರಿಯುದ್ದಕ್ಕೂ ನನಗೆ ಗುರುವಾರದ ಮನೆಯ ಬೆರಳೇ ಕಾಣುತ್ತಿತ್ತು. ಈ ಸಲ ಅದು ನನ್ನ ಕೈಯದಾಗಿತ್ತು. ಐವತ್ತು ವರ್ಷಗಳ ಹಿಂದೆ ಉಂಡ ಅನ್ನದ ರುಚಿ ನೆನಪಿದ್ದು, ಆಗ ಪಟ್ಟ ಸಂಕಟ ಹೇಗೆ ಮರೆತೆನೋ!

ಮರುವರ್ಷದಿಂದ ನಿಧಿಯ ನಿಯಮಗಳನ್ನು ಬದಲಿಸಿದೆವು. ವಿದ್ಯಾರ್ಥಿಗಳ ಹೆಸರು ಮೂವರಿಗೆ ಹೊರತು ತಿಳಿಯದು. ಶುಲ್ಕವು ನೇರವಾಗಿ ಕಚೇರಿಗೆ ಸಲ್ಲುತ್ತದೆ, ಅದೂ ಕೊನೆಯ ದಿನಕ್ಕೆ ಮುಂಚೆ. ಹಾರವಿಲ್ಲ, ಭಾವಚಿತ್ರವಿಲ್ಲ. ದಾತರಿಗೆ ಎಷ್ಟು ಮಂದಿ, ಯಾವ ವಿಷಯದಲ್ಲಿ, ಹೇಗೆ ಉತ್ತೀರ್ಣರಾದರೆಂಬ ಪತ್ರ ಹೋಗುತ್ತದೆ. ಬಂದ ಬಡ್ಡಿಯಲ್ಲಿ ಒಂದಂಶವನ್ನು ಪ್ರತಿವರ್ಷ ಮೂಲಧನಕ್ಕೆ ಸೇರಿಸುತ್ತೇವೆ. ಇಲ್ಲದಿದ್ದರೆ ಬೆಲೆಗಳು ಏರಿದಂತೆ ನಿಧಿಯು ಹೆಸರಿಗೆ ಮಾತ್ರ ಉಳಿಯುವುದು. ಇಬ್ಬರು ದಾತರು ಈ ಏರ್ಪಾಡನ್ನು ಒಪ್ಪದೆ ಬಿಟ್ಟುಹೋದರು. ಉಳಿದವರು ಉಳಿದರು. ಅವಳ ತಂದೆಯು ಕಟ್ಟಿದ ಬಡ್ಡಿಯನ್ನು ಮಾತ್ರ ನಮ್ಮ ಯಾವ ನಿಯಮವೂ ಹಿಂದಕ್ಕೆ ತರಲಾರದು.

ಕೊಡುವ ಶಕ್ತಿಯುಳ್ಳ ವಾಚಕರು ಅವಶ್ಯವಾಗಿ ಕೊಡಬೇಕು. ಸರ್ಕಾರವೊಂದರಿಂದಲೇ ಎಲ್ಲವೂ ಆಗದು. ಆದರೆ ಕೊಡುವುದಕ್ಕೆ ಮುಂಚೆ ಒಂದು ಕ್ಷಣ ಪಡೆಯುವವರ ಪಂಕ್ತಿಯಲ್ಲಿ ಕುಳಿತು ನೋಡಬೇಕೆಂದು ಬೇಡುತ್ತೇನೆ. ನಾಚಿಕೆಯೆಂಬುದು ಆ ಸಭೆಯಲ್ಲಿ ಯಾರಿಗಾದರೂ ಇರಲೇಬೇಕಾದರೆ ಅದು ವೇದಿಕೆಯ ಮೇಲಿರಲಿ. ಮೂರನೆಯ ಸಾಲಿನಲ್ಲಿ ಬೇಡ.